ಗಾರೆ ಮೆತ್ತಿದ ತಿರುವು

ನಮ್ಮ ಕಟ್ಟಡದ ಮೆಟ್ಟಿಲ ಮಾತೆತ್ತಿದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಮೂರನೇ ಮಹಡಿಯ ಗಾರೆ ಮೇಸ್ತ್ರಿಯ ಅತ್ತೆಗೆ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಮೇಸ್ತ್ರಿ ಹಿಂದೆ ನಾನು ಹಿಡಿದು ಇಳಿಸುತ್ತಿದ್ದೆವು. ಮೂವರ ಭಾರಕ್ಕೆ ಎರಡನೇ ಮಹಡಿಯ ತಿರುವು ಕರಕರ ಅನ್ನುತ್ತಿತ್ತು. ಅಲ್ಲಿನ ಬಿರುಕಿನೊಳಗೆ ನನ್ನ ಬೆರಳೇ ಹೋಗುತ್ತಿತ್ತು.

ಹಳೇ ಕಟ್ಟಡಗಳ ದುರಸ್ತಿಗೆ ಸರ್ಕಾರದ ಯೋಜನೆ ಬಂದಾಗ ಅರ್ಜಿ ಹಾಕಿದ್ದೆವು. ಎರಡು ವರ್ಷ ಉಸಿರೆತ್ತದ ಕಚೇರಿಯವರು ಒಂದು ಬೆಳಿಗ್ಗೆ ಫೋನು ಮಾಡಿ, ನಾಳೆ ಇಂಜಿನಿಯರು ಬರುತ್ತಾರೆ ಎಂದರು.

ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ತಿರುವು ಕನ್ನಡಿಯ ಹಾಗೆ ನುಣ್ಣಗಿದೆ! ಮೇಸ್ತ್ರಿ ಗಾರೆ ಮೆತ್ತಿದ ಕರಣೆ ತೊಳೆಯುತ್ತ ಕೂತಿದ್ದ.

"ಏನಯ್ಯಾ ಇದು?"

"ಸಾಹೇಬ್ರು ಬರ್ತಾರಲ್ಲಣ್ಣ. ಮೇಸ್ತ್ರಿ ಇರೋ ಕಟ್ಟಡಾನೇ ಬಾಯಿ ಬಿಟ್ಕೊಂಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಡಾಕ್ಟ್ರು ಬರ್ತಾರೆ ಅಂತ ಹುಣ್ಣಿಗೆ ಪೌಡರ್ ಹಚ್ಚಿದ್ಯಲ್ಲಪ್ಪಾ!" ಎಂದು ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು.

ಮರುದಿನ ಇಂಜಿನಿಯರು ಬಂದರು. ಬೂಟಿನ ತುದಿಯಿಂದ ತಿರುವನ್ನು ಒಂದು ಸಲ ತಟ್ಟಿ 'ಸುಸ್ಥಿತಿ' ಎಂದು ಬರೆದರು.

"ಒಳಗೆ ಕಂಬಿಯೆಲ್ಲ ತುಕ್ಕು ಹಿಡಿದಿದೆ ಸಾರ್. ನಾನೇ ಮುಚ್ಚಿದ್ದು," ಎಂದ ಮೇಸ್ತ್ರಿ.

"ಕಾಣದ್ದನ್ನ ಬರೆಯೋಕೆ ಕಾಲಂ ಇಲ್ಲ ಕಣ್ರೀ."

ಮೇಸ್ತ್ರಿ ಮೇಲೆ ಓಡಿ ಸುತ್ತಿಗೆ ತಂದವನೇ ನಾಲ್ಕು ಪೆಟ್ಟು ಹಾಕಿದ. ಗಾರೆ ಉದುರಿತು, ಅದರ ಹಿಂದೆಯೇ ಹಳೇ ಕಾಂಕ್ರೀಟೂ ಉದುರಿತು. ಕೊಳೆತ ಹಲ್ಲಿನಂಥ ಕಂಬಿಗಳು ಹೊರಗೆ ಇಣುಕಿದವು. ಇಂಜಿನಿಯರು ಮೊಬೈಲು ತೆಗೆದು, ಕಂಬಿಯ ಫೋಟೋ ಅಲ್ಲ, ಸುತ್ತಿಗೆ ಹಿಡಿದ ಮೇಸ್ತ್ರಿಯ ಫೋಟೋ ಹೊಡೆದರು.

"ನಿವಾಸಿಗಳೇ ಮಾಡಿದ ಹಾನಿ. ಇದಕ್ಕೆ ಕಾಲಂ ಇದೆ. ಅರ್ಜಿ ವಜಾ."

ಹಾಗೆಂದವರು ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು, ಒಂದೊಂದೇ ಮೆಟ್ಟಿಲು ತಡವುತ್ತ ಇಳಿದರು.

"ಸುಸ್ಥಿತಿ ಅಂದ್ರಲ್ಲ ಸ್ವಾಮಿ, ಕುಣ್ಕೊಂಡು ಇಳೀರಿ!" ನನ್ನ ಹೆಂಡತಿ ಮೇಲಿನಿಂದ ಕೂಗಿದಳು. ಮರ್ಯಾದೆ, ಕಾಲಂ! ಎರಡಕ್ಕೂ ಥೂ ಅನ್ನಬೇಕೆನಿಸಿತು.

ಅದಾದ ಎರಡನೇ ದಿನ ಮತ್ತೆ ಡಯಾಲಿಸಿಸ್. ಕುರ್ಚಿ ಹಿಡಿಯಲು ಹೋದರೆ ಮೇಸ್ತ್ರಿ ನನ್ನನ್ನು ತಡೆದ. "ಮೂರು ಜನ ಬೇಡಣ್ಣ, ತಡೆಯಲ್ಲ. ನೀನು ಕೆಳಗಿರು."

ಅತ್ತೆಯನ್ನು ಬೆನ್ನಿಗೆ ಹೊತ್ತು, ಕಂಬಿಗಳನ್ನು ದಾಟಿ ಅವನು ಇಳಿಯತೊಡಗಿದ. ಮೆಟ್ಟಿಲಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ.

"ಮಗಳನ್ನ ಕೊಡುವಾಗ ಇವನ ಬೆನ್ನು ಗಟ್ಟಿ ಇದೆಯಾ ಅಂತ ನಾವು ನೋಡ್ಲೇ ಇಲ್ಲ," ಎಂದಳು ಮುದುಕಿ.

ನಾನು ಕೆಳಗೆ ಎರಡೂ ಕೈ ಚಾಚಿ ನಿಂತಿದ್ದೆ.