ಹವಾಲಾತಿಯ ಗಡ್ಡ

ಬಸುರಿ ಹೆಂಡತಿಯ ಗಂಡ ಗಡ್ಡಕ್ಕೆ ಕತ್ತಿ ಹಚ್ಚಬಾರದು. ಹೆಣ ಹೊರಬಾರದು, ಹಾವು ಹೊಡೆಯಬಾರದು, ಕೂದಲು ತೆಗೆಸಬಾರದು; ಕೂಸು ಹುಟ್ಟಿ ಅತ್ತ ಮೇಲೆಯೇ ಹಜಾಮನನ್ನು ಕರೆಯಬೇಕು. ನಮ್ಮ ಕಡೆ ಇದು ಗೊತ್ತಿಲ್ಲದವರು ಯಾರು? ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳುವ ಜಾಣರಿಗೆ ನಾನು ಹೇಳುವುದು ಒಂದೇ ಮಾತು: ಎರಡು ಕೂಸುಗಳನ್ನು, ಒಂದು ಸಲವೂ ಅಳದ ಕೂಸುಗಳನ್ನು, ಮಣ್ಣಿಗೆ ಕೊಟ್ಟು ಬನ್ನಿ. ಆಮೇಲೆ ನನ್ನ ಮುಂದೆ ಕೂತು ವಾದ ಮಾಡಿ.

ನಾನು ಕೊಟ್ಟಿದ್ದೆ. ಆ ಎರಡೂ ಬಸುರಿನಲ್ಲಿ ನನ್ನ ಗಂಡ ದಿನಾ ಮುಂಜಾನೆ ಮುಖ ಬೋಳಿಸಿಕೊಂಡು ನೌಕರಿಗೆ ಹೋಗುತ್ತಿದ್ದರು. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಖಂಡಪ್ಪ. ಹೇಳಿದೆ, ಏನಾಯಿತು? ಕೆಲವನ್ನು ನಂಬುತ್ತೇನೆ, ಕೆಲವನ್ನು ಬಿಡುತ್ತೇನೆ, ನನ್ನ ಮರ್ಜಿ.

ಅವರು ಸುರಪುರದ ಜೈಲಿನಲ್ಲಿ ಪಹರೆಯ ಜವಾನ. ನಿಜಾಮರ ಕಾಲ ಅದು. ಖಾಕಿ ಕೋಟು, ಕೆಂಪು ರುಮಾಲು, ಕಾಲಿಗೆ ಸುತ್ತುವ ಪಟ್ಟಿ, ಸೊಂಟದ ಬೆಲ್ಟಿನ ಮೇಲೆ ಹಿತ್ತಾಳೆಯ ಬಿಲ್ಲೆ. ಆ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವವಳು ನಾನು, ಅದನ್ನು ತೊಟ್ಟು ಮೆರೆಯುವವರು ಅವರು. ನಮಗೆ ಕೊಟ್ಟ ಮನೆ ಜೈಲಿನ ಗೋಡೆಗೇ ಅಂಟಿಕೊಂಡಿತ್ತು. ಒಳಗೆ ಕೈದಿ ಕೆಮ್ಮಿದರೆ ನನ್ನ ಒಲೆಯ ಮುಂದೆ ಕೇಳುತ್ತಿತ್ತು.

ಮೂರನೆಯ ಸಲ ನನಗೆ ದಿನ ನಿಂತಾಗ ನಮ್ಮತ್ತೆ ಸಾಯಬಮ್ಮ ಹೊಸ್ತಿಲಿಗೆ ಅಡ್ಡ ಕೂತಳು. ಮಗನ ಕೈಯಿಂದ ಕತ್ತಿಯ ಡಬ್ಬಿ ಕಸಿದುಕೊಂಡಳು.

"ಈ ಸಲ ಮಾರಿಗೆ ಕತ್ತಿ ಮುಟ್ಟಿಸಿದ್ರ ನೋಡು, ನನ್ನ ಹೆಣಾನ ದಾಟಿ ಹೋಗಬೇಕು ನೀ."

"ಯವ್ವಾ, ಸರಕಾರಿ ನೌಕರಿ ಅದು. ಗಡ್ಡ ಬಿಟ್ರ ಜಮಾದಾರ ಕೇಳ್ತಾನ."

"ಕೇಳಿದ್ರ ನನ್ನ ಹೆಸರು ಹೇಳು."

ಜಮಾದಾರ ನಸೀರುದ್ದೀನ ಜೈಲಿನ ಜವಾನರ ಮೇಲಿನವರು. ಅವರ ಗಡ್ಡ ಮೆಹಂದಿ ಹಚ್ಚಿ ಕೆಂಪಗಿತ್ತು. ಅವರ ಹೆಂಡತಿ ಅನ್ವರಬಿ ಊರಿನ ಸೂಲಗಿತ್ತಿ. ನನ್ನ ಎರಡೂ ಕೂಸುಗಳನ್ನು ಕೈಯಲ್ಲಿ ಹಿಡಿದು ಅತ್ತವಳು. ಹಾಗಾಗಿ ಜಮಾದಾರರಿಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. "ಬಿಡೋ ಖಂಡ್ಯಾ, ಗಡ್ಡ ನೋಡಿದ್ರ ಕೈದಿಗಳರ ಅಂಜತಾವ. ನಿನ್ನ ಬರೇ ಮಾರಿಗಿ ಯಾರ ಅಂಜ್ಯಾರ?" ಎಂದು ನಕ್ಕು ಸುಮ್ಮನಾದರು.

ಗಡ್ಡ ಬೆಳೆಯಿತು. ನನ್ನ ಹೊಟ್ಟೆಯೂ ಬೆಳೆಯಿತು. ಕೂಸು ಒದ್ದಾಗಲೆಲ್ಲ ನಾನು ಗಂಡನ ಗಡ್ಡದ ಕಡೆ ನೋಡುತ್ತಿದ್ದೆ. ಈ ಸಲ ಬದುಕುತ್ತದೆ ಅನ್ನಿಸುತ್ತಿತ್ತು, ಅನ್ನಿಸಿದ ಕೂಡಲೇ ದೃಷ್ಟಿಯಾದೀತೆಂದು ಅಂಜಿಕೆಯಾಗುತ್ತಿತ್ತು.

ನನಗೆ ಒಂಬತ್ತು ತಿಂಗಳು ತುಂಬುತ್ತಿದ್ದಾಗ ಜೈಲುಗಳ ಮೇಲೆ ಹೊಸ ಸಾಹೇಬ ಬಂದ. ಬಂದವನೇ ಹುಕುಂ ಹೊರಡಿಸಿದ: ತಾನು ತಪಾಸಣೆಗೆ ಬರುತ್ತೇನೆ, ಜವಾನರ ಬಟ್ಟೆ, ಬಿಲ್ಲೆ, ಬೂಟು ಸರಿಯಿರಬೇಕು, ಚೆಹರಾ ಸಾಫ್ ಇರಬೇಕು. ಜಮಾದಾರರು ಅದನ್ನು ಎಲ್ಲರ ಮುಂದೆ ಓದಿ ಹೇಳಿದರು. ಚೆಹರಾ ಸಾಫ್ ಅಂದರೇನು? ಮುಖ ಬೋಳಿಸಿರಬೇಕೋ, ತೊಳೆದಿರಬೇಕೋ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಆ ಮಾತು.

"ಸಾಫ್ ಅಂದ್ರ ಸ್ವಚ್ಛ. ಸ್ವಚ್ಛ ಮಾಡಿದ್ರಾತು," ಎಂದಳು ನಮ್ಮತ್ತೆ.

ನಾವೆಲ್ಲ ಅದನ್ನೇ ಹಿಡಿದುಕೊಂಡೆವು. ಅಂಜಿದವರಿಗೆ ಬೇಕಾದ ಅರ್ಥವೇ ಮೊದಲು ಹೊಳೆಯುತ್ತದೆ. ತಪಾಸಣೆಯ ದಿನ ನಾನು ಗಂಡನ ಗಡ್ಡವನ್ನು ಸೀಗೆಕಾಯಿ ಹಾಕಿ ತೊಳೆದೆ. ಎಣ್ಣೆ ಹಚ್ಚಿ ಬಾಚಿದೆ. ಪಟ್ಟಿ ಬಿಗಿಯಾಗಿ ಸುತ್ತಿದೆ, ಬಿಲ್ಲೆಯಲ್ಲಿ ನನ್ನ ಮುಖ ಕಾಣುವವರೆಗೆ ತಿಕ್ಕಿದೆ. ಮದುಮಗನ ಹಾಗೆ ಹೋದರು. ನಾನು ಗೋಡೆಗೆ ಕಿವಿಯಿಟ್ಟು ನಿಂತೆ.

ಬೂಟಿನ ಸದ್ದು ಸಾಲಿನುದ್ದಕ್ಕೂ ಬಂತು, ಒಂದು ಕಡೆ ನಿಂತಿತು.

"ಯೇ ಕ್ಯಾ ಹೈ?" ಎಂದ ಸಾಹೇಬ.

"ಗಡ್ಡರೀ ಹುಜೂರ್. ಸಾಫ್ ಮಾಡೀನ್ರಿ."

ಯಾರೋ ಕಿಸಕ್ಕನೆ ನಕ್ಕರು. ಅಯ್ಯೋ ನನ್ನ ಶಿವನೇ, ಆ ನಗು ಸಾಹೇಬನಿಗೆ ಚೇಳು ಕಡಿದ ಹಾಗಾಯಿತು. ತನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡ. ಜಮಾದಾರರು ನಡುವೆ ಬಂದು, ಹುಜೂರ್, ಇವರ ಪೈಕಿ ಹೀಗೊಂದು ಪದ್ಧತಿ, ಮನೆಯಲ್ಲಿ ಹೆಂಗಸು ಹೊಟ್ಟೆಯಿಂದಿದ್ದಾಳೆ, ಕೂಸು ಹುಟ್ಟುವ ತನಕ ಎಂದು ಬೇಡಿಕೊಂಡರು.

"ಹೊಟ್ಟೆ ಅವಳದು, ಗಡ್ಡ ಇವನದು. ಇವನೇನು ಗಡ್ಡದಿಂದ ಹೆರುತ್ತಾನಾ?" ಎಂದ ಸಾಹೇಬ ಉರ್ದುವಿನಲ್ಲಿ. "ಧರ್ಮಕ್ಕಾಗಿ ಬಿಟ್ಟವರು ಬಿಡಲಿ, ಅದಕ್ಕೆ ಅಪ್ಪಣೆ ಇದೆ. ಇದು ಯಾವ ಧರ್ಮ? ನಾಳೆ ಮುಂಜಾನೆ ಹಾಜರಿಯಲ್ಲಿ ಈ ಮುಖ ಬೋಳಾಗಿರಬೇಕು. ಇಲ್ಲವಾದರೆ ನಾಲ್ಕು ಜನ ಕೆಡವಿ ಬೋಳಿಸುತ್ತಾರೆ."

ನನ್ನ ಹೊಟ್ಟೆಯಲ್ಲಿ ಕೂಸು ಒಮ್ಮೆ ಹೊರಳಿತು.

ಸಂಜೆ ಗಂಡ ಬಂದು ರುಮಾಲು ತೆಗೆದಿಟ್ಟು ಮೂಲೆಯಲ್ಲಿ ಕೂತರು. ನೌಕರಿ ಬಿಟ್ಟು ಹೋಗೋಣವೆಂದರೆ, ಬಿಡಲು ಅಪ್ಪಣೆ ಕೊಡುವವನೂ ಅದೇ ಸಾಹೇಬ. ಓಡಿಹೋಗೋಣವೆಂದರೆ, ಈ ಹೊಟ್ಟೆ ಹೊತ್ತು ನಾನೆಲ್ಲಿಗೆ ಓಡಲಿ? ನನ್ನನ್ನು ಬಿಟ್ಟು ಅವರೆಲ್ಲಿಗೆ ಓಡಲಿ? ನಮ್ಮತ್ತೆ ತಿಂಥಣಿ ಮೌನಪ್ಪಯ್ಯನಿಗೆ ಹರಕೆ ಹೊರುತ್ತ, ಸಾಹೇಬನ ಏಳು ತಲೆಮಾರಿಗೆ ಬೈಯುತ್ತ, ಎರಡನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಿದ್ದಳು.

ಆಗ ನನಗೆ ಹೊಳೆಯಿತು. ಹಾಳಾದ್ದು, ಯಾಕೆ ಹೊಳೆಯಿತೋ!

"ಏನ್ರಿ, ಶಿಕ್ಷಾ ಆದ ಕೈದಿಗಿ ತಲಿ, ಗಡ್ಡ, ಮೀಸಿ ಎಲ್ಲಾ ಬೋಳಸ್ತೀರಿ. ಹವಾಲಾತಿಗಿ ಬೋಳಸಂಗಿಲ್ಲಲ್ಲ?"

ಹವಾಲಾತಿ ಅಂದರೆ ವಿಚಾರಣೆ ಮುಗಿಯದ ಕೈದಿ. ಅವನು ಹಿಡಿದಾಗ ಹೇಗಿದ್ದನೋ ಹಾಗೇ ಇರಬೇಕು, ಕೋರ್ಟು ಕಚೇರಿಯಲ್ಲಿ ಸಾಕ್ಷಿಗಳು ಗುರುತು ಹಿಡಿಯಬೇಕಲ್ಲ. ಜೈಲಿನ ಗೋಡೆಗೆ ಬೆನ್ನು ಹಚ್ಚಿ ಸಂಸಾರ ಮಾಡಿದವಳಿಗೆ ಇಷ್ಟೂ ಗೊತ್ತಿರುವುದಿಲ್ಲವೇ?

ಗಂಡ ನನ್ನನ್ನೇ ನೋಡಿದರು. "ಹವಾಲಾತಿಗಿ ಕತ್ತಿ ತೋರಸಂಗಿಲ್ಲ," ಎಂದರು ಮೆಲ್ಲಗೆ.

"ಏ, ಹುಚ್ಚ ಹಿಡದಾದೇನ ನಿಮಗ?" ಎಂದು ನಮ್ಮತ್ತೆ ಕಿರುಚಿದಳು. ಆದರೆ ಮಾತು ಬಾಯಿಂದ ಬಿದ್ದುಹೋಗಿತ್ತು.

ಮರುದಿನ ಹಾಜರಿಯಲ್ಲಿ ನನ್ನ ಗಂಡ ರುಮಾಲು ತೆಗೆದರು, ಬೆಲ್ಟು ಬಿಚ್ಚಿದರು, ಎರಡನ್ನೂ ಸಾಹೇಬನ ಬೂಟಿನ ಮುಂದೆ ಇಟ್ಟು, "ಬೋಳಸಂಗಿಲ್ರಿ," ಎಂದರು. ಅಷ್ಟು ಜನರ ಮುಂದೆ ಹುಕುಂ ಮೀರಿದ ಗುನ್ಹೆ. ಸಾಹೇಬ ಅರಚಿದ: ಹಾಕಿರಿ ಒಳಗೆ, ಹೂಡಿರಿ ಮೊಕದ್ದಮೆ! ಬಾಗಿಲು ಬಿತ್ತು. ಆಮೇಲೆ, ಈಗ ಬೋಳಿಸಿರಿ ಇವನನ್ನು, ಎಂದ.

"ಹುಜೂರ್," ಎಂದರು ನಸೀರುದ್ದೀನ ಜಮಾದಾರರು, ತಲೆ ತಗ್ಗಿಸಿಕೊಂಡೇ. "ಈಗ ಅಂವ ಹವಾಲಾತಿ ಆಗ್ಯಾನ. ಕಾಯಿದಾ ಇಲ್ರಿ."

ಸಾಹೇಬನ ಬಾಯಲ್ಲಿ ಬಿಸಿ ತುಪ್ಪ. "ವಿಚಾರಣೆ ಬೇಗ ಮುಗಿಯುವ ಹಾಗೆ ಮಾಡುತ್ತೇನೆ," ಎಂದ.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಶಿಕ್ಷೆಯಾಗುವ ಮೊದಲು ಕೂಸು ಹುಟ್ಟಬೇಕು. ಕೂಸು ಹುಟ್ಟುವ ಮೊದಲು ಶಿಕ್ಷೆಯಾದರೆ ಜೈಲಿನ ಬಾಗಿಲಲ್ಲೇ ಹಜಾಮ ಕೂತಿರುತ್ತಾನೆ. ನಾನು ನೀರು ಹೊತ್ತೆ, ಜೋಳ ಬೀಸಿದೆ, ಗುಡ್ಡ ಹತ್ತಿ ಇಳಿದೆ. ನೋವು ಬರಲೊಲ್ಲದು. ಬೇಡದ ದಿನಗಳಲ್ಲಿ ಅವಸರ ಮಾಡಿ ಬಂದ ನೋವು, ಬೇಕಾದಾಗ ಎಲ್ಲಿ ಸತ್ತುಹೋಯಿತೋ! ಸಂಜೆಯಾದರೆ ಗಂಡ ಆ ಕಡೆಯಿಂದ ಗೋಡೆ ಬಡಿಯುತ್ತಿದ್ದರು.

"ಆತೇನ?"

"ಇನ್ನಾ ಇಲ್ರಿ."

"ಹುಷಾರು."

ಹುಷಾರಂತೆ. ಗಂಡನನ್ನು ನಾನೇ ಜೈಲಿಗೆ ಹಾಕಿ ಕೂತಿದ್ದೇನೆ, ಒಳಗಿನ ಕೈದಿಗಳು ಅವರನ್ನು ಏನು ಮಾಡುತ್ತಾರೋ ಎಂದು ಅಂಜುತ್ತಿದ್ದೇನೆ, ಅವರು ನನಗೆ ಹುಷಾರು ಹೇಳುತ್ತಾರೆ. ಕೂಸು ಒದೆಯುವುದು ಕಡಿಮೆಯಾಗಿದೆ ಅನ್ನಿಸಿ ಹೊಟ್ಟೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದೆ.

ಕಚೇರಿಯಲ್ಲಿ ಪೇಶಿ, ಅಂದರೆ ವಿಚಾರಣೆ, ಇದ್ದ ದಿನವೇ ಮುಂಜಾನೆ ನೋವು ಬಂತು. ಅನ್ವರಬಿ ಓಡಿ ಬಂದಳು. ಗೋಡೆಯ ಆಚೆ ಬೇಡಿಯ ಸದ್ದು. ನನ್ನ ಗಂಡನನ್ನು ಕರೆದೊಯ್ಯುತ್ತಿದ್ದರು.

"ಯವ್ವಾ ಅನ್ವರಬೀ, ಅವರು ತಿರುಗಿ ಬರೂದ್ರಾಗ ಹೊರಗ ತಗೀ," ಎಂದೆ.

"ನನ್ನ ಕೈಯಾಗೇನದ ತಾಯಿ? ನೀ ಜೋರು ಹಾಕು."

ಹಾಕಿದೆ. ಸೆರಗು ಹಲ್ಲಿನಲ್ಲಿ ಕಚ್ಚಿ, ಮೈಯಲ್ಲಿದ್ದುದನ್ನೆಲ್ಲ ಹಾಕಿದೆ. ಹೊತ್ತು ಏರಿತು. ನಮ್ಮತ್ತೆ ಕಚೇರಿಗೂ ಮನೆಗೂ ಓಡಾಡಿ ಸುದ್ದಿ ತರುತ್ತಿದ್ದಳು. ಬಿಸಿಲು ಬಾಗಿಲಿಗೆ ಬಂದಾಗ ಅವಳು ಹಣೆ ಚಚ್ಚಿಕೊಳ್ಳುತ್ತ ಬಂದಳು.

"ಆತವ್ವಾ, ಆತು. ಒಂದು ತಿಂಗಳ ಸಜಾ. ನೌಕರಿನೂ ಹೋತು. ಇವತ್ತೇ ದೊಡ್ಡ ಜೈಲಿಗಿ ಒಯ್ತಾರಂತ."

ಬೇಡಿಯ ಸದ್ದು ಗೋಡೆಯ ಆಚೆ ಬಂದು ನಿಂತಿತು. ಸಾಹೇಬನ ದನಿಯೂ ಬಂತು, ನೋಡಲೆಂದೇ ಬಂದಿದ್ದ. ಹಜಾಮ ಸುಲ್ತಾನಸಾಬ ನಮ್ಮ ಓಣಿಯವನೇ. ಅವನು ಕಲ್ಲಿನ ಮೇಲೆ ಕತ್ತಿ ಮಸೆಯಲು ಶುರುಮಾಡಿದ. ಮಸೆದ, ಮಸೆದ. ಸಾಹೇಬ ಬೈದ.

"ಮೊಂಡ ಆಗ್ಯಾದ್ರಿ ಹುಜೂರ್, ಕೈದಿಗಿ ಗಾಯ ಆದೀತು," ಎಂದು ಮತ್ತೆ ಮಸೆದ. ಅವನ ಹೊಟ್ಟೆ ತಣ್ಣಗಿರಲಿ. ಆ ಸದ್ದು ನಡೆಯುತ್ತಿರುವ ತನಕ ನನ್ನ ಕೂಸಿಗೆ ಹೊತ್ತಿದೆ ಎಂದು ನನಗೆ ಗೊತ್ತಿತ್ತು. "ತಲಿ ಕಾಣ್ತು, ಇನ್ನೊಂದು ಜೋರು," ಎಂದು ಅನ್ವರಬಿ ಕೂಗಿದಳು.

ಕಲ್ಲಿನ ಸದ್ದು ನಿಂತಿತು.

"ಬ್ಯಾಡ್ರೋ! ಬ್ಯಾಡ್ರೋ!" ಎಂದು ಗೋಡೆಯ ಕಡೆ ಕೈ ಚಾಚಿ ಕಿರುಚಿದೆ. ಸ್ವಲ್ಪ ಹೊತ್ತಿಗೆ ಮೋಟಾರು ಗುರುಗುಟ್ಟಿ ಹೊರಟಿತು. ಅದು ಇಳಿಜಾರಿನಲ್ಲಿ ದೂರ ಹೋದ ಮೇಲೆ ಕೂಸು ಹುಟ್ಟಿತು. ಹೆಣ್ಣು. ಅಳಲಿಲ್ಲ.

ನೀಲಿಗಟ್ಟಿತ್ತು. ನನಗೆ ಅಳುವೂ ಬರಲಿಲ್ಲ. ಇನ್ನೇನು, ಗೊತ್ತಿದ್ದದ್ದೇ ಆಯಿತು ಎಂದು ಮುಖ ಗೋಡೆಗೆ ತಿರುಗಿಸಿದೆ. ಅನ್ವರಬಿ ಬಿಡಲಿಲ್ಲ. ಕಾಲು ಹಿಡಿದು ತಲೆಕೆಳಗು ಮಾಡಿದಳು, ಬೆನ್ನಿಗೆ ಬಡಿದಳು, ಬಾಯಿಗೆ ಬಾಯಿ ಹಚ್ಚಿ ಊದಿದಳು, ತಣ್ಣೀರು ಚಿಮುಕಿಸಿದಳು, ಅಲ್ಲಾನನ್ನೂ ಮೌನಪ್ಪಯ್ಯನನ್ನೂ ಒಟ್ಟಿಗೆ ಕರೆದಳು. ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು. ಆಮೇಲೆ ದೊಡ್ಡದಾಗಿ ಬಂತು. ನಮ್ಮತ್ತೆ ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿಲ್ಲದೆ ರಸ್ತೆಗೆ ಓಡಿದಳು, ಮಗನಿಗೆ ಹೇಳಲು. ಅಲ್ಲಿ ಧೂಳೂ ಇರಲಿಲ್ಲ.

ಜಮಾದಾರರು ದೊಡ್ಡ ಜೈಲಿಗೆ ಹೇಳಿ ಕಳಿಸಿದರು. ಹೋದವನನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದರು. ಸಾಹೇಬನ ಹುಕುಂ, ಆ ಕೈದಿಗೆ ಹೊರಗಿನ ಮಾತು ಮುಟ್ಟಿಸುವ ಹಾಗಿಲ್ಲ. ಇನ್ನೊಬ್ಬ ಹೋದ, ಅವನೂ ಹಾಗೇ ಬಂದ. ಸರಕಾರದ ಮನೆಯೂ ಹೋಯಿತು. ಬಾಣಂತಿಯಾದ ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ನಮ್ಮತ್ತೆ ರಂಗಂಪೇಟೆಯ ಒಂದು ಕೋಣೆಗೆ ಒಯ್ದಳು. ಕೂಸು ಮಲಗಿದರೆ ನಾನು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಹುಟ್ಟುವ ಮೊದಲೇ ಅಪ್ಪನ ಗಡ್ಡಕ್ಕೆ ಕತ್ತಿ ಮುಟ್ಟಿತ್ತಲ್ಲ. ಆ ದೋಷ ಇಂದು ಬಿಟ್ಟಿದೆ, ನಾಳೆ ಬಿಡುತ್ತದೆಯೇ ಎಂದು ನನ್ನ ಅಂಜಿಕೆ.

ಸಜಾ ಮುಗಿಸಿ, ಮನೆ ಎಲ್ಲಿ ಎಂದಷ್ಟೇ ಕೇಳಿಕೊಂಡು, ಅವರು ಬಂದದ್ದು ಮಧ್ಯಾಹ್ನ. ನಮ್ಮತ್ತೆ ಬಾವಿಗೆ ಹೋಗಿದ್ದಳು. ಅಂಗಳದಲ್ಲಿ ನೆರಳು ಬಿತ್ತು; ನೋಡಿದರೆ ಗುರುತೇ ಹತ್ತಲಿಲ್ಲ. ತಲೆ ಬೋಳು, ಗಡ್ಡ ಬೋಳು, ಮೀಸೆ ಬೋಳು, ಮನೆಯಲ್ಲಿ ಯಾರೋ ಸತ್ತವರ ಹಾಗೆ. ಒಳಗೆ ಬರಲಿಲ್ಲ. ಹೊಸ್ತಿಲ ತನಕ ಬಂದು, ಬಾಗಿಲಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತರು. ತಿರುಗಿ ಒಂದು ಸಲ ನೋಡಿದರೆ ತೊಟ್ಟಿಲು ಕಾಣುತ್ತಿತ್ತು. ನೋಡಲಿಲ್ಲ. ಕೇಳಲೂ ಇಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಹೇಳದೆ ತೊಟ್ಟಿಲ ಕಡೆ ತಿರುಗಿದೆ. ಕೂಸು ಹಾಲು ಕುಡಿದು ಸದ್ದಿಲ್ಲದೆ ಮಲಗಿತ್ತು.

ನಾನು ತೊಟ್ಟಿಲಿಗೆ ಕೈ ಹಾಕಿ ಅವಳ ತೊಡೆ ಚಿವುಟಿದೆ. ಕಿಟಾರನೆ ಚೀರಿದಳು.

ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಆಗಲೂ ತಿರುಗಲಿಲ್ಲ.

"ಇನ್ನೊಮ್ಮಿ ಅಳಸು," ಎಂದರು.

ಇನ್ನೊಮ್ಮೆ ಚಿವುಟಿದೆ.