ಜೂನ್ ಒಂದರ ಹುಡುಗ

ದುರಗೇಶ ಐದಡಿ ಮೂರಿಂಚು. ಬಾಸ್ಕೆಟ್‌ಬಾಲ್ ಆಡುವವನಿಗೆ ಅದೂ ಒಂದು ಎತ್ತರವೇ? ಕುಷ್ಟಗಿಯ ಪಿ.ಟಿ. ಮಾಸ್ತರು ಮೌಲಾಹುಸೇನ ಎರಡು ದಿನದಿಂದ ಒಂದು ಫಾರ್ಮು ಹಿಡಿದು ತಲೆ ಕೆಡಿಸಿಕೊಂಡಿದ್ದರು. ಕ್ರೀಡಾ ಹಾಸ್ಟೆಲಿನವರು ಅವರ ಶಾಲೆಗೆ ಒಂದು ಜಾಗ ಕೊಟ್ಟು, ಫಾರ್ಮಿನ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು: ಈ ಹುಡುಗ ಮುಂದೆ ಬೆಳೆಯುವನೇ? ಇಲ್ಲ ಎಂದು ಬರೆದರೆ ಅವನು ಇಲ್ಲೇ ಉಳಿಯುತ್ತಾನೆ.

ಆಟದ ಬಗ್ಗೆ ಅನುಮಾನವಿರಲಿಲ್ಲ. ಪಾಯಿಂಟ್ ಗಾರ್ಡ್ ಎಂದರೆ ಚೆಂಡು ತಂದು, ಅದನ್ನು ಯಾರಿಗೆ ಕೊಡಬೇಕೆಂದು ತಿಳಿದವನು. ಉಳಿದ ಹುಡುಗರು ಕೂಗಿ ಕರೆದವನಿಗೆ ಕೊಡುತ್ತಿದ್ದರು. ದುರಗೇಶ ಮಾತ್ರ ಯಾರ ಕಣ್ಣಿಗೂ ಬೀಳದೆ ಒಬ್ಬನೇ ನಿಂತವನನ್ನು ಹುಡುಕಿ ಕೊಡುತ್ತಿದ್ದ. ಅದನ್ನು ಕಲಿಸಲು ಹೋಗಿ ಮಾಸ್ತರು ಇಪ್ಪತ್ತೈದು ವರ್ಷ ಸೋತಿದ್ದರು.

ತೊಡಕು ಬೇರೆಯಿತ್ತು. ಶಾಲೆಯ ದಾಖಲೆಯಲ್ಲಿ ಹುಡುಗನ ಜನ್ಮದಿನ ಜೂನ್ ಒಂದು, ವಯಸ್ಸು ಹದಿನಾಲ್ಕು. ಈ ಕಡೆ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ! ತಾರೀಖು ಗೊತ್ತಿಲ್ಲದವರಿಗೆಲ್ಲ ಹೆಡ್‌ಮಾಸ್ತರು ಅದನ್ನೇ ಬರೆದು ಕೈತೊಳೆದುಕೊಳ್ಳುತ್ತಾರೆ. ಮೌಲಾಹುಸೇನರದ್ದೂ ಅದೇ ತಾರೀಖು. ನಿಜವಾಗಿ ಹುಡುಗನಿಗೆ ಹದಿನಾರಾಗಿದ್ದರೆ ಬೆಳೆಯುವ ಕಾಲ ಮುಗಿದಂತೆಯೇ. ಹಾಗೇ ಆಗಿರಲಿ ಎಂದು ಮಾಸ್ತರು ಒಳಗೊಳಗೇ ಬಯಸಿದರು. ಬಯಸಿದ್ದಕ್ಕೆ ನಾಚಿಕೆಯೂ ಆಯಿತು.

ಹೆಂಡತಿ ಇರ್ಫಾನಾ ತೀರಿಕೊಂಡು ನಾಲ್ಕು ವರ್ಷ. ಮನೆಗೆ ಹೋದರೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಸಂಜೆ ಎಲ್ಲರೂ ಹೋದ ಮೇಲೂ ಮೈದಾನದಲ್ಲಿ ಉಳಿಯುತ್ತಿದ್ದವನು ದುರಗೇಶ ಒಬ್ಬನೇ. ಇಬ್ಬರೂ ಒಂದು ತಾಸು ಚೆಂಡು ಎಸೆದಾಡುತ್ತಿದ್ದರು. ಆ ಒಂದು ತಾಸಿಗಾಗಿ ಮಾಸ್ತರು ಇಡೀ ದಿನ ದೂಡುತ್ತಿದ್ದರು.

ಕೊನೆಗೆ, ದಾಳಿಂಬೆ ತೋಟದಲ್ಲಿ ಕೂಲಿಗಿದ್ದ ಹುಡುಗನ ತಾಯಿ ಹೊಳಿಯಮ್ಮನ ಬಳಿಯೇ ಹೋದರು.

"ತಂಗೆವ್ವಾ, ಖರೇ ಹೇಳು. ಸಾಲ್ಯಾಗ ಮಗನ ವಯಸ್ಸು ಕಮ್ಮಿ ಬರಸೀರೇನು?"

ಹೊಳಿಯಮ್ಮ ಗಾಬರಿಯಾದಳು. "ತಪ್ಪಾಗೇತ್ರಿ ಸರ. ಕಮ್ಮಿ ಅಲ್ರಿ, ಒಂದೂವರಿ ವರ್ಷ ಜಾಸ್ತಿ ಬರಸೀವ್ರಿ. ನಾವಿಬ್ರೂ ಕೂಲಿಗೆ ಹೋಗಾವ್ರು, ಕೂಸಿನ್ನ ನೋಡಾಕ ಮನ್ಯಾಗ ಯಾರೂ ಇದ್ದಿಲ್ಲ. ಸಾಲ್ಯಾಗ ಊಟನರ ಸಿಗತೈತಿ ಅಂತ ಲಗೂನ ಹಾಕಿದ್ವಿ. ಅವನ್ನ ಸಾಲಿ ಬಿಡಸಬ್ಯಾಡ್ರಿ."

"ಯಾರೂ ಬಿಡಸಂಗಿಲ್ಲವಾ, ಅಂಜಬ್ಯಾಡ."

ಹನ್ನೆರಡೂವರೆಗೇ ಐದಡಿ ಮೂರಿಂಚು! ಇವನು ಬೆಳೆಯದೆ ಇನ್ಯಾರು ಬೆಳೆಯಬೇಕು? ಮಾಸ್ತರಿಗೆ ಹೆಮ್ಮೆಯಾಯಿತು. ಆದರೆ ಅವನನ್ನು ಇಲ್ಲೇ ಉಳಿಸಿಕೊಳ್ಳಲು ಒಂದು ನೆಪವಿತ್ತು, ಅದೂ ಹೋಯಿತು. ಮನಸ್ಸು ಬದಲಾದೀತೆಂದು ತೋಟದ ಬದುವಿನ ಮೇಲೇ ಕೂತು "ಬೆಳೆಯುತ್ತಾನೆ" ಎಂದು ಬರೆದು ಸಹಿ ಹಾಕಿದರು.

ಸಂಜೆ ಸುದ್ದಿ ಕೇಳಿ ದುರಗೇಶ ಕುಣಿಯಲಿಲ್ಲ. ಚೆಂಡು ಹಿಡಿದು ಖಾಲಿ ಮೈದಾನ ನೋಡಿದ.

"ಸರ, ನಾ ಹೋದ್ರ ನೀವು ಯಾರ ಜೋಡಿ ಆಡ್ತೀರಿ?"

"ಊರ ತುಂಬ ಹುಡುಗರು ಅದಾರ. ನನಗೇನ್ ಬರ ಬಂದೈತಿ?"

ಸುಳ್ಳು ಹೇಳುವುದು ಮಾಸ್ತರಿಗೆ ಎಂದೂ ಸರಿಯಾಗಿ ಬಂದಿರಲಿಲ್ಲ. ಕಣ್ಣು ತುಂಬುವ ಮೊದಲೇ ಮೈದಾನದ ಆ ತುದಿಗೆ ನಡೆದು ಬೆನ್ನು ಮಾಡಿ ನಿಂತರು. ಹುಡುಗನನ್ನು ಅವರು ಕರೆಯಲಿಲ್ಲ.

"ಸರ," ಎಂದ ದುರಗೇಶ.

ತಿರುಗುವಷ್ಟರಲ್ಲಿ ಚೆಂಡು ಅವರ ಕೈಗೆ ಬಂದಿತ್ತು.