ಲುಕ್ಸಾನದ ರಾಶಿ

“ಏ ರಂಡಿ, ಆ ಕಾಳು ಅಲ್ಲೇ ಬಿಡು! ನಿಮ್ಮಪ್ಪನ ಗಂಟೇನ ಅದು?”

ಶಾಂತಲಿಂಗಪ್ಪ ಸಾಹುಕಾರ ಒದ್ದ ರಭಸಕ್ಕೆ ಶಾರದಾಬಾಯಿಯ ಮೊರ ಬಾಗಿಲಿಗೆ ಹೋಗಿ ಬಿತ್ತು. ಆಳಂದದ ಈ ಗೋದಾಮಿನಲ್ಲಿ ಕಸ ಗುಡಿಸುವವಳಿಗೆ ಪಗಾರವೆಂಬುದು ಎಂದೂ ಇರಲಿಲ್ಲ. ಹಮಾಲರ ಕೊಕ್ಕೆ ಚುಚ್ಚಿದಲ್ಲಿ ಚೀಲದಿಂದ ಉದುರುವ ತೊಗರಿಯೇ ಅವಳ ಪಗಾರ. ಅವಳ ಅತ್ತೆಯೂ ಅದನ್ನೇ ಗುಡಿಸಿ, ಹಸನು ಮಾಡಿ, ಮಕ್ಕಳನ್ನು ಸಾಕಿದ್ದಳು.

ಈಗ ಆ ಅನ್ನಕ್ಕೂ ಕಲ್ಲು ಬಿದ್ದಿತ್ತು. ಹಾಕಿಕೊಂಡವಳು ತಾನೇ ಎಂಬುದೇ ಅವಳ ಸಂಕಟ.

ಹೋದ ವಾರ ಅನೂಪನೆಂಬ ಕಂಪ್ಯೂಟರ್ ಹುಡುಗ ಬಂದಿದ್ದ. ಲಾರಿ ಯಾವ ದಾರಿ ಹಿಡಿಯಬೇಕು, ಮಾಲು ಎಲ್ಲಿ ಇಳಿಸಬೇಕು ಎಂದು ಲೆಕ್ಕ ಹಾಕುವವನು. “ದಿನಾ ಎಷ್ಟು ಕಾಳು ಉದುರುತ್ತಮ್ಮಾ?” ಎಂದು ನಯವಾಗಿ ಕೇಳಿದ. ಹುಟ್ಟಿದಾಗಿನಿಂದ ಅವಳ ಕೆಲಸದ ಬಗ್ಗೆ ಕೇಳಿದವರೇ ಇಲ್ಲ. ಪಗಾರ ಹಚ್ಚುತ್ತಾರೆಂದು ಹಿಗ್ಗಿಹೋದಳು. ಕೆಲಸ ಹೆಚ್ಚು ಕಾಣಲೆಂದು ಮನೆಯ ಗಡಿಗೆಯಲ್ಲಿ ಕೂಡಿಟ್ಟ ಕಾಳನ್ನೂ ತಂದು ರಾಶಿಗೆ ಸುರಿದಳು.

“ಇಷ್ಟ್ ಬೀಳ್ತದ ನೋಡ್ರಿ ಸಾಹೇಬ್ರ. ಗುಡಿಸಿ ಗುಡಿಸಿ ನಡಾ ಮುರದು ಹೋಗ್ಯಾದ.”

ಹುಡುಗ ರಾಶಿಯನ್ನೆಲ್ಲ ಲುಕ್ಸಾನದ ಲೆಕ್ಕಕ್ಕೆ ಹಾಕಿಕೊಂಡ. ಗೋದಾಮೇ ದಂಡ ಎಂದಿತು ಕಂಪ್ಯೂಟರ್. ನರೋಣಾ ಊರಿನಿಂದ ತೊಗರಿ ತರುವ ಲಾರಿ ಇನ್ನು ಇಲ್ಲಿ ನಿಲ್ಲದೆ ನೆಟ್ಟಗೆ ಮಿಲ್ಲಿಗೆ ಹೋಗಬೇಕು; ಗೋದಾಮಿಗೆ ಬೀಗ.

“ನಮ್ ಹೊಟ್ಟಿಗೂ ಮಣ್ ಹಾಕ್ದಿ ಬಿಡಬೇ,” ಎಂದ ಹಮಾಲ ಮಾಳಿಂಗ. ಕೊಕ್ಕೆಯನ್ನು ಹೊಸ್ತಿಲ ಬಳಿ ಎಸೆದು ಹೊರಟುಹೋದ.

ಅವಳು ಸಾಹುಕಾರನ ಕಾಲಿಗೆ ಬಿದ್ದಳು. “ಯಪ್ಪಾ, ಅದ್ರಾಗ ನನ್ ಮನಿ ಕಾಳು ಇತ್ರಿ. ಸುಳ್ ರಾಶಿರಿ ಅದು. ಆ ಕಂಪ್ಯೂಟರ್ ಡಬ್ಬಿಗಿ ಒಂದ್ ಮಾತ್ ಹೇಳ್ರಿ.”

“ನಿನ್ ಮಾತ್ ಕೇಳಿ ಲಾರಿ ಓಡಸ್ಲೇನ್ ಬೇ? ಅದರೊಳಗ ಲಾರಿ ಅದ, ಚೀಲ ಅದ, ಡೀಸೆಲ್ ಅದ. ನೀ ಎಲ್ಲಿದ್ದಿ?”

ಕೊನೆಯ ಮಾಲಿನ ಲೆಕ್ಕಕ್ಕೆ ಬಂದಿದ್ದ ಅನೂಪ ಫೋನು ನೋಡುತ್ತ ನಿಂತಿದ್ದ.

ಗೋದಾಮಿನ ಕೊನೆಯ ಮಾಲು ತುಂಬಿದ ಲಾರಿ ಹೊರಡಲು ಗುರುಗುಟ್ಟಿತು. ಶಾರದಾಬಾಯಿ ಎದ್ದಳು. ಹೊಸ್ತಿಲ ಬಳಿಯ ಕೊಕ್ಕೆ ಎತ್ತಿಕೊಂಡು ಓಡಿ, ಲಾರಿಯ ಹಿಂಬದಿಯ ಚೀಲಗಳನ್ನು ಒಂದೊಂದಾಗಿ ಜಗ್ಗಿ ಸೀಳಿದಳು.

“ಈಗ ಹಾಕ್ಕೋ ಲೇ ಲುಕ್ಸಾನ!” ಎಂದು ಅನೂಪನತ್ತ ಕೂಗಿದಳು.

ಲಾರಿ ಹೊರಟಿತು. ರಸ್ತೆಯುದ್ದಕ್ಕೂ ತೊಗರಿ ಸುರಿಯುತ್ತ ಹೋಯಿತು. ಸಾಹುಕಾರ ಅವಳ ಕೂದಲು ಹಿಡಿದು ಕಪಾಳಕ್ಕೆ ಬಿಗಿದ. “ಗುಡಸ್ ಬೇ! ಒಂದ್ ಕಾಳೂ ಬಿಡ್ದಂಗ ಗುಡಸು!”

ಮನೆಯ ಗಡಿಗೆ ಬರಿದಾಗಿತ್ತು. ಆದರೂ ಅವಳು ಕಸಬರಿಗೆಗೆ ಕೈ ಹಚ್ಚಲಿಲ್ಲ. ಹಿರೋಳ್ಳಿಯ ಬಸ್ಸು ಬಂದು ತೊಗರಿಯ ಮೇಲೆ ಹಾಯ್ದು ಹೋಯಿತು.